ಬಿಸಿನೀರಿನ ಬುಗ್ಗೆಯ ಬಣ್ಣಗಳು ಮತ್ತು ಪ್ರವಾಸಿಯ ಅದಬ್

(ಜುಮಾ ಖುತ್ಬಾದ ಸಾರಾಂಶ)

ಎಲ್ಲ ಸ್ತುತಿಯೂ ಅಲ್ಲಾಹನಿಗೆ. ಆಕಾಶದಿಂದ ಮಳೆ ಇಳಿಸುವವನು, ಆ ನೀರನ್ನು ನೆಲದೊಳಗೆ ಕೂಡಿಡುವವನು, ಮತ್ತೆ ಅದನ್ನು ಬುಗ್ಗೆಯಾಗಿ ಮೇಲಕ್ಕೆ ತರುವವನು ಅವನೇ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆ ಶಾಂತಿ ಮತ್ತು ಅನುಗ್ರಹ ಇರಲಿ.



ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಮನೆಗಳಲ್ಲಿ ಈಗ ಮಕ್ಕಳ ಬಾಯಲ್ಲಿ ಒಂದೇ ಮಾತು: "ಅಬ್ಬಾ, ಈ ಸಲ ಎಲ್ಲಿಗೆ ಹೋಗೋಣ?" ಕೆಲವರು ನಂದಿ ಬೆಟ್ಟಕ್ಕೆ ಹೋಗುತ್ತಾರೆ, ಕೆಲವರು ಕರಾವಳಿಗೆ, ಕೆಲವರು ಊಟಿಗೆ. ಮಗನೋ ಮಗಳೋ ಅಮೆರಿಕದಲ್ಲಿ ಕೆಲಸಕ್ಕಿರುವ ತಂದೆತಾಯಿಯರು ಅಲ್ಲಿಗೂ ಹೋಗಿಬರುತ್ತಾರೆ. ಹಾಗೆ ಹೋದವರು ಕಳಿಸುವ ಚಿತ್ರಗಳಲ್ಲಿ ಒಂದು ಚಿತ್ರವನ್ನು ನಿಮ್ಮಲ್ಲಿ ಹಲವರು ಫೋನಿನಲ್ಲಿ ನೋಡಿರುತ್ತೀರಿ. ಒಂದು ದೊಡ್ಡ ಕೊಳ, ನಡುವೆ ಗಾಢ ನೀಲಿ, ಅದರ ಸುತ್ತ ಹಸಿರು, ಹಳದಿ, ಕಿತ್ತಳೆ, ಕೆಂಪು ಮಿಶ್ರಿತ ಕಂದು, ಮೇಲೆ ಹಬೆ. ಮಕ್ಕಳು ಕೇಳುತ್ತಾರೆ, "ಇದು ನಿಜವೋ, ಕಂಪ್ಯೂಟರಿನಲ್ಲಿ ಬಣ್ಣ ಹಾಕಿದ್ದೋ?"

ನಿಜ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಅಂಥ ಬುಗ್ಗೆಗಳಿವೆ. ಇವತ್ತಿನ ಮಾತು ಅವುಗಳ ಬಗ್ಗೆ. ಆ ಬಣ್ಣ ಎಲ್ಲಿಂದ ಬಂತು, ವಿಶ್ವಾಸಿಯಾದವನು ಅದನ್ನು ಹೇಗೆ ನೋಡಬೇಕು, ಅಂಥ ಜಾಗಕ್ಕೆ ಹೋದಾಗ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತಿಳಿಯೋಣ. ಅಮೆರಿಕಕ್ಕೆ ಹೋಗುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಮಂದಿ ಇರಬಹುದು. ಆದರೆ ಅಲ್ಲಿ ಬೇಕಾದ ಅದಬ್ ನಂದಿ ಬೆಟ್ಟದ ಮೇಲೂ ಬೇಕು, ನಮ್ಮೂರ ಕೆರೆಯ ದಂಡೆಯಲ್ಲೂ ಬೇಕು. ಆದ್ದರಿಂದ ಈ ಮಾತು ಎಲ್ಲರಿಗೂ ಸೇರಿದ್ದು.

ಆ ಬಣ್ಣ ಎಲ್ಲಿಂದ ಬಂತು?

ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ. 1872ರ ಮಾರ್ಚ್ 1ರಂದು ಅದನ್ನು ಕಾಯ್ದಿಟ್ಟ ಪ್ರದೇಶವೆಂದು ಘೋಷಿಸಲಾಯಿತು. ಅದರ ವಿಸ್ತಾರ ಸುಮಾರು 9,000 ಚದರ ಕಿಲೋಮೀಟರ್. ಆ ನೆಲದ ಕೆಳಗೆ ಜ್ವಾಲಾಮುಖಿಯ ಬೆಂಕಿ ಇನ್ನೂ ಆರಿಲ್ಲ. ಮೇಲೆ ಬಿದ್ದ ಮಳೆ ಮತ್ತು ಹಿಮದ ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ, ಕಾದ ಬಂಡೆಗಳ ನಡುವೆ ಬಿಸಿಯೇರುತ್ತದೆ, ಮತ್ತೆ ಮೇಲಕ್ಕೆ ಬರುತ್ತದೆ. ಎಲ್ಲೋ ಚಿಲುಮೆಯಾಗಿ ಚಿಮ್ಮುತ್ತದೆ, ಎಲ್ಲೋ ಕೆಸರಾಗಿ ಕುದಿಯುತ್ತದೆ, ಎಲ್ಲೋ ಕೊಳವಾಗಿ ನಿಲ್ಲುತ್ತದೆ. ಬುಗ್ಗೆ, ಚಿಲುಮೆ, ಹಬೆಯ ಬಾಯಿ ಎಲ್ಲ ಸೇರಿ ಹತ್ತು ಸಾವಿರಕ್ಕೂ ಮಿಕ್ಕಿ ಅಲ್ಲಿವೆ.

ನಾನು ಹೇಳಿದ ಆ ಬಣ್ಣದ ಕೊಳದ ಹೆಸರು ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್. ಅಗಲ ಮುನ್ನೂರು ಅಡಿಯ ಆಸುಪಾಸು, ಆಳ 120 ಅಡಿಗೂ ಹೆಚ್ಚು. ನಡುವಿನ ನೀರು ಎಷ್ಟು ಬಿಸಿಯೆಂದರೆ ಅಲ್ಲಿ ಯಾವ ಬಣ್ಣದ ಪಾಚಿಯೂ ಬದುಕಲಾರದು. ಅಲ್ಲಿ ನೀರು ತಿಳಿಯಾಗಿ, ಆಳವಾಗಿ ಇರುವುದರಿಂದ ನೀಲಿ ಕಾಣುತ್ತದೆ. ನಡುವಿನಿಂದ ಅಂಚಿಗೆ ಬಂದಂತೆ ನೀರು ಸ್ವಲ್ಪ ಸ್ವಲ್ಪ ಆರುತ್ತದೆ. ಸುಮಾರು 74 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಒಂದು ಬಗೆಯ ಸೂಕ್ಷ್ಮಜೀವಿ ನೆಲೆಸುತ್ತದೆ, ಅಲ್ಲಿ ಹಳದಿ. 65 ಡಿಗ್ರಿಯ ಕಡೆ ಇನ್ನೂ ಕೆಲವು ಸೇರಿಕೊಳ್ಳುತ್ತವೆ, ಅಲ್ಲಿ ಕಿತ್ತಳೆ. 55 ಡಿಗ್ರಿಗೆ ಇಳಿದರೆ ಮತ್ತಷ್ಟು ಬಗೆಯವು ಬರುತ್ತವೆ, ಅಲ್ಲಿ ಕಂದು. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ಕೋಟಿ ಕೋಟಿ ಸೇರಿ ಚಾಪೆಯಂತೆ ಹಾಸಿಕೊಂಡಿವೆ. ಬಿಸಿಲಿನಿಂದ ತಮ್ಮನ್ನು ಕಾಪಾಡಿಕೊಳ್ಳಲು ಅವುಗಳ ಮೈಯಲ್ಲಿ ಇರುವ ಬಣ್ಣವೇ ನಮಗೆ ಕಾಣುವುದು. ಬೇಸಿಗೆಯಲ್ಲಿ ಕಿತ್ತಳೆ, ಕೆಂಪು ಹೆಚ್ಚು. ಬಿಸಿಲು ಕಡಿಮೆಯಾದ ಚಳಿಗಾಲದಲ್ಲಿ ಕಡುಹಸಿರಿನ ಕಡೆಗೆ ತಿರುಗುತ್ತವೆ.

ಶಿಡ್ಲಘಟ್ಟದ ರೀಲರ್ ಸಹೋದರರಿಗೆ ಬಿಸಿನೀರೆಂದರೆ ಏನೆಂದು ಬೇರೆಯವರು ಹೇಳಬೇಕಾಗಿಲ್ಲ. ಗೂಡು ಬೇಯಿಸುವ ನೀರಿನಲ್ಲಿ ಬೆರಳಾಡಿಸಿ ನೂಲಿನ ತುದಿ ಹುಡುಕುವ ನಮ್ಮ ತಾಯಂದಿರ, ಸಹೋದರಿಯರ ಕೈ ನೋಡಿದರೆ ಸಾಕು, ಆ ಬಿಸಿ ಎಂಥದ್ದೆಂದು ತಿಳಿಯುತ್ತದೆ. ಅಂಥ ಬಿಸಿಗೆ ಗೂಡಿನೊಳಗಿನ ಹುಳು ಉಳಿಯುವುದಿಲ್ಲ. ಆದರೆ ಅದೇ ಮಟ್ಟದ ಬಿಸಿಯನ್ನೇ ಮನೆಯನ್ನಾಗಿ ಕೊಟ್ಟು ಅಲ್ಲಾಹನು ಇನ್ನೊಂದು ಜೀವಿಯನ್ನು ಸಾಕುತ್ತಿದ್ದಾನೆ. ಒಬ್ಬರಿಗೆ ಸಾವಾದದ್ದು ಇನ್ನೊಬ್ಬರಿಗೆ ಅನ್ನವಾಗುವಂತೆ ಅಳೆದು ಇಟ್ಟವನು ಅವನು.

ಕುರ್‌ಆನ್ ಕಲಿಸುವ ನೋಟ

ಸಹೋದರರೇ, ಪವಿತ್ರ ಕುರ್‌ಆನಿನ ಫಾತಿರ್ ಅಧ್ಯಾಯದ 27 ಮತ್ತು 28ನೆಯ ಸೂಕ್ತಗಳನ್ನು ಮನೆಗೆ ಹೋಗಿ ಅರ್ಥಸಹಿತ ಓದಿರಿ. ಅಲ್ಲಿ ಮಾತು ಮಳೆಯಿಂದ ಆರಂಭವಾಗುತ್ತದೆ. ಒಂದೇ ನೀರಿನಿಂದ ಬಗೆಬಗೆ ಬಣ್ಣದ ಹಣ್ಣು, ಬೆಟ್ಟಗಳಲ್ಲಿ ಬಿಳಿ, ಕೆಂಪು, ಕಡುಕಪ್ಪು ಪಟ್ಟೆಗಳು, ಮನುಷ್ಯರಲ್ಲಿ, ಪ್ರಾಣಿಗಳಲ್ಲಿ, ಜಾನುವಾರುಗಳಲ್ಲಿ ಬೇರೆಬೇರೆ ಬಣ್ಣ, ಇವನ್ನೆಲ್ಲ ತೋರಿಸಿದ ನಂತರ ಅಲ್ಲಾಹನನ್ನು ನಿಜವಾಗಿ ಭಯಪಡುವವರು ಅರಿವುಳ್ಳವರು ಎಂಬ ಮಾತು ಬರುತ್ತದೆ. ಬಣ್ಣದಿಂದ ಹೊರಟ ಮಾತು ಭಯಭಕ್ತಿಯಲ್ಲಿ ಬಂದು ನಿಲ್ಲುತ್ತದೆ.

ಇದನ್ನು ಗಮನಿಸಿರಿ. ಬಣ್ಣ ನೋಡಿ "ಎಷ್ಟು ಚೆಂದ" ಎಂದು ಹೇಳಿ ಚಿತ್ರ ತೆಗೆದುಕೊಂಡು ಬರುವುದು ಒಂದು ನೋಟ. ಇದು ಹೇಗಾಯಿತು, ಯಾರು ಅಳೆದಿಟ್ಟರು, ಇದರ ಮುಂದೆ ನಾನು ಯಾರು ಎಂದು ಕೇಳಿಕೊಳ್ಳುವುದು ಇನ್ನೊಂದು ನೋಟ. ಕುರ್‌ಆನ್ ಬಯಸುವುದು ಎರಡನೆಯದನ್ನು. ಅಲ್‌ಅನ್ಕಬೂತ್ ಅಧ್ಯಾಯದ 20ನೆಯ ಸೂಕ್ತದಲ್ಲಿ ಭೂಮಿಯಲ್ಲಿ ಸಂಚರಿಸಿ ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡುವಂತೆ ಆದೇಶವಿದೆ. ಹಾಗಾಗಿ ಪ್ರವಾಸವೆಂಬುದು ಹಣ ಮತ್ತು ಹೊತ್ತು ಹಾಳುಮಾಡುವ ಕೆಲಸವಲ್ಲ. ಮನಸ್ಸಿಟ್ಟು ನೋಡಿದರೆ ಅದೂ ಒಂದು ಕಲಿಕೆ. ಸಾಲ ಮಾಡಿಕೊಂಡು, ನೆರೆಯವರಿಗೆ ತೋರಿಸಲೆಂದು ಹೋಗುವುದು ಮಾತ್ರ ಬೇಡ.

ಆ ಬುಗ್ಗೆಯ ಜೀವಿಗಳಿಂದ ಮನುಷ್ಯನಿಗೆ ಸಿಕ್ಕ ಒಂದು ಉಪಕಾರವನ್ನೂ ಕೇಳಿರಿ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಯೆಲ್ಲೋಸ್ಟೋನಿನ ಬಿಸಿ ಬುಗ್ಗೆಗಳ ಬಳಿ ಕುಳಿತು ಈ ಜೀವಿಗಳನ್ನು ಪರೀಕ್ಷಿಸುತ್ತಿದ್ದರು. ಅವರು ಮತ್ತು ಅವರ ವಿದ್ಯಾರ್ಥಿ ಸೇರಿ ಒಂದು ಸೂಕ್ಷ್ಮಜೀವಿಯನ್ನು ಗುರುತಿಸಿ 1969ರಲ್ಲಿ ಅದಕ್ಕೆ ಥರ್ಮಸ್ ಅಕ್ವಾಟಿಕಸ್ ಎಂದು ಹೆಸರಿಟ್ಟರು. ಕುದಿಯುವ ನೀರಿನ ಹತ್ತಿರದ ಬಿಸಿಗೂ ಕೆಡದ ಒಂದು ಕಿಣ್ವ ಅದರಲ್ಲಿದೆ. ಮುಂದೆ 1980ರ ದಶಕದಲ್ಲಿ ಕ್ಯಾರಿ ಮುಲ್ಲಿಸ್ ಎಂಬ ಇನ್ನೊಬ್ಬ ವಿಜ್ಞಾನಿ ಪಿಸಿಆರ್ ಎಂಬ ಪರೀಕ್ಷಾ ವಿಧಾನವನ್ನು ರೂಪಿಸಿದರು. ಅದು ಸಲೀಸಾಗಿ ನಡೆಯುವಂತಾದದ್ದು ಈ ಕಿಣ್ವದಿಂದ. ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕೋವಿಡ್ ಕಾಲದಲ್ಲಿ ನಾವು ಸಾಲಿನಲ್ಲಿ ನಿಂತು ಮೂಗಿಗೆ ಕಡ್ಡಿ ಹಾಕಿಸಿಕೊಂಡು ಮಾಡಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬೇರು ಅಲ್ಲಿದೆ. ಯಾರ ಕಣ್ಣಿಗೂ ಬೀಳದ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಒಂದು ಜೀವಿಯಲ್ಲಿ ಇಡೀ ಜಗತ್ತಿಗೆ ಬೇಕಾದ ಉಪಕಾರ ಅಡಗಿತ್ತು. ಅಲ್ಲಾಹನ ಸೃಷ್ಟಿಯಲ್ಲಿ ಯಾವುದನ್ನೂ ವ್ಯರ್ಥವೆಂದು ತಿಳಿಯಬೇಡಿ. "ಇದೇನು, ಬರೀ ಪಾಚಿ" ಎಂದು ಕಾಲಿನಿಂದ ಕೆದಕುವ ಮೊದಲು ಇದನ್ನು ನೆನೆಯಿರಿ.

ನಾಣ್ಯ ಎಸೆದು ಕೆಡಿಸಿದ ಬುಗ್ಗೆ

ಈಗ ಇವತ್ತಿನ ಮುಖ್ಯ ವಿಷಯ. ಯೆಲ್ಲೋಸ್ಟೋನಿನಲ್ಲಿ ಮಾರ್ನಿಂಗ್ ಗ್ಲೋರಿ ಎಂಬ ಒಂದು ಚಿಕ್ಕ ಕೊಳವಿದೆ. ನೀಲಿ ಹೂವೊಂದರ ಹೆಸರು ಅದಕ್ಕೆ. ಮೊದಲು ಅದರ ನೀರು ಅಂಚಿನವರೆಗೂ ಆ ಹೂವಿನ ನೀಲಿಯಾಗಿತ್ತು. ರಸ್ತೆ ಅದರ ಮಗ್ಗುಲಿಗೇ ಬಂತು, ಜನ ಬಂದರು. ಬಂದವರು ಬಯಕೆ ಈಡೇರಲೆಂದು ನಾಣ್ಯ ಎಸೆದರು. ಕೆಲವರು ಬಾಟಲಿ, ಡಬ್ಬ, ಕಟ್ಟಿಗೆ ತುಂಡು, ಕರವಸ್ತ್ರ ಎಸೆದರು. ನಾನೊಬ್ಬ ಒಂದು ಕಾಸು ಹಾಕಿದರೆ ಏನಾದೀತು ಎಂದು ಪ್ರತಿಯೊಬ್ಬರೂ ಅಂದುಕೊಂಡರು. 1950ರಲ್ಲಿ ಉದ್ಯಾನದವರು ಕೊಳದ ನೀರಿನ ಮಟ್ಟ ಇಳಿಸಿ ಬುಗ್ಗೆ ಚಿಮ್ಮುವಂತೆ ಮಾಡಿದಾಗ ಒಳಗಿನಿಂದ ರಾಶಿ ನಾಣ್ಯವೂ ಕಸವೂ ಹೊರಬಂದವು.

ಆದರೆ ಎಲ್ಲವೂ ಬರಲಿಲ್ಲ. ಬಿಸಿನೀರು ಬರುವ ಬಾಯಿ ಭಾಗಶಃ ಕಟ್ಟಿಕೊಂಡಿತು. ಬಿಸಿ ಕಡಿಮೆಯಾಯಿತು. ಬಿಸಿ ಇಳಿದಂತೆ ಅಂಚಿನಲ್ಲಿದ್ದ ಹಳದಿ, ಕಿತ್ತಳೆ ಬಣ್ಣದ ಸೂಕ್ಷ್ಮಜೀವಿಗಳು ನಡುವಿನ ಕಡೆಗೆ ಹಬ್ಬಿದವು. ಇವತ್ತು ಹೋದವರು ಆ ಹಳದಿ, ಹಸಿರು ಅಂಚನ್ನು ನೋಡಿ ಬಹಳ ಸುಂದರ ಎನ್ನುತ್ತಾರೆ, ಚಿತ್ರ ತೆಗೆಯುತ್ತಾರೆ. ಆದರೆ ಗೊತ್ತಿದ್ದವರಿಗೆ ಆ ಬಣ್ಣ ಬುಗ್ಗೆಗೆ ಬಿದ್ದ ಗಾಯದ ಗುರುತು.

ಸಹೋದರರೇ, ನಮ್ಮ ಬದುಕಿನಲ್ಲೂ ಹೀಗೇ. ಕೆಟ್ಟದ್ದು ಯಾವಾಗಲೂ ಕೆಟ್ಟ ರೂಪದಲ್ಲಿ ಬರುವುದಿಲ್ಲ. ಚೆಂದವಾಗಿಯೇ ಕಾಣುತ್ತದೆ. ಒಳಗಿನ ಬಿಸಿ ಆರಿದ್ದರಿಂದ ಹೊರಗೆ ಬಣ್ಣ ಬಂದಿರುತ್ತದೆ. ಒಂದೊಂದೇ ಕಾಸು ಬಿದ್ದು ಬುಗ್ಗೆ ಕಟ್ಟಿಕೊಂಡಂತೆ, ಒಂದೊಂದೇ ಚಿಕ್ಕ ತಪ್ಪು ಸೇರಿ ಈಮಾನಿನ ಬಾಯಿ ಕಟ್ಟಿಕೊಳ್ಳುತ್ತದೆ. ಅಲ್‌ಬಕರ ಅಧ್ಯಾಯದ 74ನೆಯ ಸೂಕ್ತದಲ್ಲಿ ಕಲ್ಲಿಗಿಂತಲೂ ಗಟ್ಟಿಯಾದ ಹೃದಯಗಳ ಮಾತು ಬರುತ್ತದೆ. ಕಲ್ಲಿನಿಂದಲಾದರೂ ನೀರು ಒಸರುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ಬುಗ್ಗೆಯ ಮುಂದೆ ನಿಂತಾಗ ಈ ಸೂಕ್ತ ನೆನಪಾದರೆ ಪ್ರವಾಸ ಸಾರ್ಥಕ.

ಇನ್ನು ನಾಣ್ಯ ಎಸೆದು ಬಯಕೆ ಕೇಳುವ ವಿಷಯ. ಕೊಳಕ್ಕೆ ಕೇಳುವ ಶಕ್ತಿಯಿಲ್ಲ, ಕೊಡುವ ಶಕ್ತಿಯೂ ಇಲ್ಲ. ಕೇಳಬೇಕಾದುದನ್ನು ಕೊಡುವವನಲ್ಲಿಯೇ ಕೇಳಬೇಕು. ಆ ಕಾಸು ಒಬ್ಬ ಬಡವನ ಕೈಗೆ ಹೋದರೆ ಸದಕಾ. ನೀರಿಗೆ ಬಿದ್ದರೆ ಕಸ.

ದಾರಿ ಬಿಟ್ಟು ಇಳಿಯಬೇಡಿ

ಬುಗ್ಗೆಗಳ ನಡುವೆ ನಡೆಯಲು ಮರದ ಹಲಗೆಯ ದಾರಿ ಹಾಕಿದ್ದಾರೆ. ಅದರಿಂದ ಕೆಳಗೆ ಕಾಲಿಡುವಂತಿಲ್ಲ, ನೀರು ಮುಟ್ಟುವಂತಿಲ್ಲ. ನೆಲ ಗಟ್ಟಿಯಾಗಿ ಕಾಣುತ್ತದೆ, ಆದರೆ ಅದು ತೆಳು ಪದರ. ಹಪ್ಪಳದಂತೆ ಮುರಿಯುತ್ತದೆ. ಕೆಳಗೆ ಕುದಿಯುವ ನೀರು. 1890ರಿಂದ ಈಚೆಗೆ ಯೆಲ್ಲೋಸ್ಟೋನಿನ ಬುಗ್ಗೆಗಳಲ್ಲಿ ಬಿದ್ದು, ಸುಟ್ಟುಕೊಂಡು ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡಿದ್ದಾರೆ. 2016ರಲ್ಲಿ ಒಬ್ಬ ಯುವಕ ಹಲಗೆ ದಾರಿ ಬಿಟ್ಟು ಬಹುದೂರ ಹೋಗಿ ಬಿಸಿ ಬುಗ್ಗೆಗೆ ಬಿದ್ದ. ಮನೆಯವರಿಗೆ ಅವನ ದೇಹವೂ ಸಿಗಲಿಲ್ಲ.

ಇದನ್ನು ದೂರದ ಸುದ್ದಿಯೆಂದು ಬಿಡಬೇಡಿ. ನಮ್ಮ ಜಿಲ್ಲೆಯಲ್ಲಿ ಪ್ರತಿ ವರ್ಷ ರಜೆಯಲ್ಲಿ, ಹಬ್ಬದ ಮರುದಿನ ಕೆರೆಗೋ ಕೃಷಿ ಹೊಂಡಕ್ಕೋ ಕಲ್ಲು ಕ್ವಾರಿಯ ಗುಂಡಿಗೋ ಈಜಲು ಹೋದ ಮಕ್ಕಳ ಜನಾಝಾ ಮನೆಗೆ ಬರುತ್ತದೆ. 2022ರಲ್ಲಿ ಚಿಕ್ಕಬಳ್ಳಾಪುರದ ಬಳಿ ಶ್ರೀನಿವಾಸಸಾಗರದ ಎತ್ತರದ ಗೋಡೆಯನ್ನು ಹತ್ತಲು ಹೋಗಿ ಯುವಕನೊಬ್ಬ ಕೆಳಗೆ ಬಿದ್ದ ವಿಡಿಯೊವನ್ನು ನೀವೆಲ್ಲ ನೋಡಿದ್ದೀರಿ. ಒಂದು ಸೆಲ್ಫಿಗೆ, ಸ್ನೇಹಿತರ ಒಂದು ಚಪ್ಪಾಳೆಗೆ ಜೀವವನ್ನು ಪಣಕ್ಕಿಡುವುದು ಧೈರ್ಯವಲ್ಲ. ಜೀವ ಅಲ್ಲಾಹನ ಅಮಾನತ್. ನಿಮ್ಮ ಕೈಯಿಂದಲೇ ನಿಮ್ಮನ್ನು ನಾಶಕ್ಕೆ ತಳ್ಳಿಕೊಳ್ಳಬೇಡಿ ಎಂಬ ಆಶಯದ ಆದೇಶ ಅಲ್‌ಬಕರ ಅಧ್ಯಾಯದ 195ನೆಯ ಸೂಕ್ತದಲ್ಲಿದೆ. "ಇಲ್ಲಿ ಇಳಿಯಬಾರದು" ಎಂಬ ಫಲಕ ಕಂಡರೆ ಅದನ್ನು ಪೊಲೀಸರ ಭಯದಿಂದಲ್ಲ, ಅಮಾನತ್ ಕಾಪಾಡುವ ಉದ್ದೇಶದಿಂದ ಪಾಲಿಸಿರಿ.

ತಂದೆಯಂದಿರೇ, ಹದಿನೈದು ಹದಿನಾರರ ಮಗ ಗೆಳೆಯರ ಜೊತೆ ಬೈಕಿನಲ್ಲಿ ಹೊರಟರೆ ಎಲ್ಲಿಗೆ ಎಂದು ಕೇಳಿರಿ. ನೀರಿನ ಕಡೆಗೋ ಎಂದು ಕೇಳಿರಿ. ಆ ವಯಸ್ಸಿಗೆ ಗೇರ್ ಇರುವ ಬೈಕಿನ ಲೈಸೆನ್ಸ್ ಸಿಗುವುದಿಲ್ಲ, ಬೈಕಿನ ಕೀಲಿಯನ್ನೇ ಕೊಡಬೇಡಿ. ಕೇಳಿದರೆ ಮಗ ಒಂದು ಗಂಟೆ ಮುನಿಸಿಕೊಂಡಾನು. ಕೇಳದೆ ಇದ್ದ ತಂದೆಗೆ ಜೀವಮಾನವಿಡೀ ನೋವು.

ನಮ್ಮ ನಾಡಿನ ಬುಗ್ಗೆ, ನಮ್ಮ ಬೆಟ್ಟ

ನಮ್ಮ ದೇಶದಲ್ಲೂ ಮುನ್ನೂರಕ್ಕೂ ಹೆಚ್ಚು ಬಿಸಿನೀರಿನ ಬುಗ್ಗೆಗಳಿವೆ. ಹಿಮಾಚಲದ ಮಣಿಕರಣ್‌ನಲ್ಲಿ ಬುಗ್ಗೆಯ ನೀರಿನ ಬಿಸಿಯಲ್ಲೇ ಅಕ್ಕಿ ಬೇಯಿಸುತ್ತಾರೆ. ಲಡಾಖಿನ ಪೂಗಾ ಕಣಿವೆಯಲ್ಲಿ ನೆಲದಿಂದ ಹಬೆ ಏಳುತ್ತದೆ. ಕರ್ನಾಟಕದಲ್ಲಿ ಹೆಸರಾದದ್ದು ದಕ್ಷಿಣ ಕನ್ನಡದ ಪುತ್ತೂರು ತಾಲೂಕಿನ ಇರ್ದೆಯಲ್ಲಿರುವ ಬೆಂದ್ರ್ ತೀರ್ಥ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಅಲ್ಲಿನ ನೀರು ಕುದಿಯುವುದಿಲ್ಲ, ಬೆಚ್ಚಗಿರುತ್ತದೆ. ಬಣ್ಣಬಣ್ಣದ ಅಂಚೂ ಇಲ್ಲ. ಆದರೆ ಬೆಂಕಿಯಿಲ್ಲದೆ ಬೆಚ್ಚಗಾಗಿ ಬರುವ ನೀರು ಮಕ್ಕಳಿಗೆ ತೋರಿಸಬೇಕಾದ ಸಂಗತಿಯೇ. ಕರಾವಳಿಗೆ ಹೋಗುವವರು ನೋಡಬಹುದು. ಅಲ್ಲಿಯ ಹಿಂದೂ ಸಹೋದರರಿಗೆ ಅದು ಪುಣ್ಯಸ್ನಾನದ ಜಾಗ. ಹೋದವರು ಗದ್ದಲ ಮಾಡದೆ, ಅಲ್ಲಿನ ರೀತಿನೀತಿಗೆ ಅಡ್ಡಿಯಾಗದೆ, ಗೌರವದಿಂದ ನೋಡಿ ಬರಬೇಕು. ಇನ್ನೊಬ್ಬರ ಮನಸ್ಸು ನೋಯಿಸದಿರುವುದೂ ಪ್ರವಾಸಿಯ ಅದಬ್‌ಗೆ ಸೇರಿದೆ.

ಇನ್ನು ನಮ್ಮ ಊರಿನ ಲೆಕ್ಕಕ್ಕೆ ಬರೋಣ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಆದರೆ ಎಷ್ಟು ನದಿಗಳು ನಮ್ಮ ಮಡಿಲಲ್ಲಿ ಹುಟ್ಟುತ್ತವೆ ಎಂದು ಲೆಕ್ಕ ಹಾಕಿರಿ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಇವೆಲ್ಲ ನಂದಿ ಸಾಲಿನ ಬೆಟ್ಟಗಳಲ್ಲಿ, ಅವುಗಳ ಆಸುಪಾಸಿನಲ್ಲಿ ಹುಟ್ಟುವ ಹೊಳೆಗಳು. ನಮ್ಮ ಬೆಟ್ಟಗಳ ನೀರು ಆಂಧ್ರಕ್ಕೂ ತಮಿಳುನಾಡಿಗೂ ಹೋಗುತ್ತದೆ. ಒಂದು ಕಾಲದಲ್ಲಿ ಬೆಟ್ಟದ ಬುಡದಲ್ಲಿ, ಹಳ್ಳದ ಮರಳಿನಲ್ಲಿ ಬುಗ್ಗೆ ಇರುತ್ತಿತ್ತು. ಗೌರಿಬಿದನೂರಿನ ಮಗ್ಗುಲ ಮಧುಗಿರಿ, ಪಾವಗಡ ಸೀಮೆಯಲ್ಲಿ ಅದಕ್ಕೆ ತಲಪರಿಗೆ ಎನ್ನುತ್ತಾರೆ. ಮರಳು ಸರಿಸಿದರೆ ನೀರು ಒಸರುತ್ತಿತ್ತು. ನಿಮ್ಮ ದಾದಿ, ನಾನಿಯರನ್ನು ಕೇಳಿರಿ, ಕೊಡದಲ್ಲಿ ತೋಡಿ ತಂದ ನೀರಿನ ರುಚಿ ಹೇಳುತ್ತಾರೆ.

ಇವತ್ತು ಸಾವಿರ ಅಡಿ, ಸಾವಿರದ ಐನೂರು ಅಡಿ ಕೊರೆಸಿದರೂ ಎಷ್ಟೋ ಕೊಳವೆಬಾವಿಗಳಲ್ಲಿ ಬರುವುದು ಧೂಳು. ನೀರು ಬಂದ ಕಡೆ ಫ್ಲೋರೈಡ್ ಸಮಸ್ಯೆ. ಆಳದ ಬಂಡೆಯ ನಡುವೆ ಬಹುಕಾಲ ನಿಂತ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬೀಳುತ್ತದೆ. ಇನ್ನೂ ಹೆಚ್ಚಾದರೆ ಮೂಳೆ, ಕೀಲು ಕೆಡುತ್ತವೆ. ಯೆಲ್ಲೋಸ್ಟೋನಿನ ಬುಗ್ಗೆಯಲ್ಲಿ ನೀರು ಬರೆದ ಬಣ್ಣ ನೋಡಿ ಬೆರಗಾಗುತ್ತೇವೆ. ನಮ್ಮ ಮಕ್ಕಳ ಹಲ್ಲಿನ ಮೇಲೂ ನೀರು ಬಣ್ಣ ಬರೆದಿದೆ. ಅದನ್ನು ಓದುವವರು ಯಾರು? ನಿಮ್ಮ ಮನೆಯ ಕೊಳವೆಬಾವಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿರಿ. ಕುಡಿಯಲು, ಅಡುಗೆಗೆ ಶುದ್ಧೀಕರಿಸಿದ ನೀರನ್ನೋ ಸೋಸಿದ ಮಳೆನೀರನ್ನೋ ಬಳಸಿರಿ.

ಅಲ್‌ಮುಲ್ಕ್ ಅಧ್ಯಾಯವನ್ನು ನಮ್ಮಲ್ಲಿ ಅನೇಕರು ರಾತ್ರಿ ಮಲಗುವ ಮೊದಲು ಓದುತ್ತಾರೆ. ಅದರ ಕೊನೆಯ ಸೂಕ್ತ, 30ನೆಯದು, ಒಂದು ಪ್ರಶ್ನೆ. ನಿಮ್ಮ ನೀರು ನೆಲದಾಳಕ್ಕೆ ಇಳಿದುಹೋದರೆ ಹರಿಯುವ ನೀರನ್ನು ನಿಮಗೆ ತಂದುಕೊಡುವವರು ಯಾರು ಎಂಬ ಅರ್ಥದ ಪ್ರಶ್ನೆ. ಬೇರೆ ಸೀಮೆಯವರಿಗೆ ಅದು ಎಚ್ಚರಿಕೆಯ ಮಾತು. ಚಿಂತಾಮಣಿಯ, ಗೌರಿಬಿದನೂರಿನ ರೈತನಿಗೆ ಅದು ಕಣ್ಣೆದುರಿನ ಸಂಗತಿ. ಬಾಯಿಂದ ಪ್ರತಿ ರಾತ್ರಿ ಓದುವ ಆ ಪ್ರಶ್ನೆಗೆ ಬೆಳಗ್ಗೆ ನಲ್ಲಿಯ ಮುಂದೆ ನಿಂತಾಗ ನಮ್ಮ ಉತ್ತರವೇನು?

ಈಗ ನಂದಿ ಬೆಟ್ಟ. ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರ. ಹೈದರಾಲಿ, ಟಿಪ್ಪು ಸುಲ್ತಾನರು ಬಲಪಡಿಸಿದ ಕೋಟೆ, ಟಿಪ್ಪುವಿನ ಬೇಸಿಗೆ ಅರಮನೆ ಅಲ್ಲಿವೆ. ನಾವು ಅಭಿಮಾನದಿಂದ ಮಕ್ಕಳಿಗೆ ತೋರಿಸುತ್ತೇವೆ. ಆದರೆ ಅದೇ ಗೋಡೆಯ ಮೇಲೆ ಹೆಸರು ಗೀಚುವವರೂ ಇದ್ದಾರೆ. ಬಿರಿಯಾನಿ ಡಬ್ಬ, ನೀರಿನ ಬಾಟಲಿ, ಕುರುಕಲು ತಿಂಡಿಯ ಪ್ಯಾಕೆಟ್ಟನ್ನು ಬಂಡೆಯ ಸಂದಿಗೆ ತುರುಕುವವರೂ ಇದ್ದಾರೆ. ಮಳೆ ಬಂದಾಗ ಆ ಕಸ ಹೊಳೆಗಳ ಹುಟ್ಟಿಗೇ ಇಳಿಯುತ್ತದೆ. ಮಾರ್ನಿಂಗ್ ಗ್ಲೋರಿಗೆ ನಾಣ್ಯ ಎಸೆದವರಿಗೂ ಇವರಿಗೂ ಏನು ವ್ಯತ್ಯಾಸ?

ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಪ್ರವಾದಿ(ಸ) ಈಮಾನಿನ ಒಂದು ಶಾಖೆಯೆಂದು ಕಲಿಸಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ಆ ಹದೀಸ್ ಇದೆ. ನೀರಿನ ತಾಣ, ಜನ ನಡೆಯುವ ದಾರಿ, ಜನ ಕೂರುವ ನೆರಳು, ಈ ಮೂರು ಕಡೆ ಹೊಲಸು ಮಾಡುವುದು ಶಾಪಕ್ಕೆ ಕಾರಣವೆಂದು ಎಚ್ಚರಿಸಿದ್ದಾರೆ. ಇದು ಅಬೂದಾವೂದ್‌ನಲ್ಲಿದೆ. ಒಂದು ಪ್ರವಾಸಿ ತಾಣವೆಂದರೆ ಇನ್ನೇನು? ನೀರು, ದಾರಿ, ನೆರಳು ಅಷ್ಟೇ ಅಲ್ಲವೇ? ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನೂ ಅವರು ತಡೆದಿದ್ದಾರೆ. ನೀರಿನಲ್ಲಿ ಎಲ್ಲ ಜನರಿಗೂ ಪಾಲಿದೆ ಎಂದು ತಿಳಿಸಿದ್ದಾರೆ. ನಾನು ಕೆಡಿಸಿದ್ದು ನನ್ನ ಪಾಲನ್ನಷ್ಟೇ ಅಲ್ಲ, ಕೆಳಗಿನ ಊರಿನವನ ಪಾಲನ್ನೂ, ಇನ್ನೂ ಹುಟ್ಟದ ಮಗುವಿನ ಪಾಲನ್ನೂ ಕೆಡಿಸಿದೆ. ಇದು ಹಕ್ಕುಲ್ ಇಬಾದ್, ಜನರ ಹಕ್ಕು. ಇದಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ರೀಲಿಂಗ್ ಘಟಕದ ಸಹೋದರರಿಗೂ ಒಂದು ಮಾತು. ಗೂಡು ಬೇಯಿಸಿದ ನೀರು ಮೋರಿಯಿಂದ ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ಅದರ ಹಿಂದೆಯೇ ನಡೆದು ನೋಡಿರಿ. ಹಲಾಲ್ ದುಡಿಮೆಯ ನೀರು ಇನ್ನೊಬ್ಬರ ಬಾವಿಗೆ ಹೊಲಸಾಗಿ ಇಳಿಯಬಾರದು. ಒಬ್ಬೊಬ್ಬರಿಂದ ಆಗದಿದ್ದರೆ ಬೀದಿಯ ನಾಲ್ಕು ಘಟಕದವರು ಸೇರಿ ನಗರಸಭೆಯವರ ಜೊತೆ ಮಾತಾಡಿ ದಾರಿ ಹುಡುಕಿರಿ.

ಪ್ರವಾಸದಲ್ಲಿ ವುಝೂ, ನಮಾಝ್

ಬಿಸಿನೀರಿನ ಬುಗ್ಗೆಗೆ ಹೋದವರು ಸಾಮಾನ್ಯವಾಗಿ ಕೇಳುವ ಒಂದೆರಡು ಮಸಲೆಗಳನ್ನು ಹೇಳಿಬಿಡುತ್ತೇನೆ. ಬುಗ್ಗೆಯ ನೀರಿಗೆ ಗಂಧಕದ ವಾಸನೆ ಇರಬಹುದು, ಬಣ್ಣ ತುಸು ಬೇರೆ ಇರಬಹುದು. ನೀರು ಹುಟ್ಟಿದ ಜಾಗದ ಮಣ್ಣು, ಖನಿಜ, ಪಾಚಿಯಿಂದ ಹಾಗಾಗಿದ್ದರೆ ಆ ನೀರು ಶುದ್ಧವೇ, ಅದರಿಂದ ವುಝೂ ಆಗುತ್ತದೆ. ಆದರೆ ಮೈ ಸುಡುವಷ್ಟು ಬಿಸಿಯಿದ್ದರೆ ಅದರಲ್ಲಿ ವುಝೂ ಮಾಡಲು ಹೋಗಬಾರದು. ಆರಲು ಬಿಡಬೇಕು, ಇಲ್ಲವೇ ಬೇರೆ ನೀರು ಬಳಸಬೇಕು. ಯೆಲ್ಲೋಸ್ಟೋನಿನಂಥ ಕಡೆ ಬುಗ್ಗೆಯ ನೀರು ಮುಟ್ಟುವುದೇ ನಿಷಿದ್ಧ. ಅಲ್ಲಿ ಗಾಡಿಯಲ್ಲಿ ನೀರು ಇಟ್ಟುಕೊಂಡಿರಿ. ಹಲಗೆ ದಾರಿಯಲ್ಲಿ ಜನರಿಗೆ ಅಡ್ಡವಾಗಿ ನಿಂತು ನಮಾಝ್ ಮಾಡಬೇಡಿ. ಇಡೀ ಭೂಮಿಯನ್ನೇ ನಮಗೆ ಮಸ್ಜಿದ್ ಮಾಡಿಕೊಟ್ಟಿರುವಾಗ ಜಾಗಕ್ಕೆ ಕೊರತೆಯಿಲ್ಲ.

ಕಸ್ರ್ ವಿಷಯ. ಹನಫೀ ವಿದ್ವಾಂಸರ ಲೆಕ್ಕದಲ್ಲಿ ಊರಿನಿಂದ ಸುಮಾರು 77-78 ಕಿಲೋಮೀಟರ್ ಅಥವಾ ಹೆಚ್ಚಿನ ದೂರಕ್ಕೆ ಹೊರಟವನು ಮುಸಾಫಿರ್. ಅವನು ಝುಹರ್, ಅಸರ್, ಇಶಾದ ನಾಲ್ಕು ರಕಅತ್ ಫರ್ಝನ್ನು ಎರಡಾಗಿ ಮಾಡುತ್ತಾನೆ. ಫಜರ್ ಮತ್ತು ಮಗ್ರಿಬ್‌ನಲ್ಲಿ ಬದಲಾವಣೆಯಿಲ್ಲ. ನಮ್ಮ ಊರುಗಳಿಂದ ನಂದಿಗೆ ಹೋದವರಿಗೆ ಕಸ್ರ್ ಇಲ್ಲ, ಪುತ್ತೂರಿಗೆ ಹೋದವರಿಗೆ ಇದೆ. ಸುಂದರ ಸೂರ್ಯೋದಯ ನೋಡಲು ನಸುಕಿನಲ್ಲಿ ಬೆಟ್ಟ ಹತ್ತುವವರು ಫಜರ್ ಬಿಟ್ಟುಬಿಟ್ಟರೆ, ಸೂರ್ಯನನ್ನು ನೋಡಿ ಅವನನ್ನು ಉದಯಿಸುವವನನ್ನು ಮರೆತಂತೆ.

ಈ ರಜೆಯಲ್ಲಿ ಮಾಡಬೇಕಾದ್ದು

ತಾಯಂದಿರೇ, ಸಹೋದರಿಯರೇ, ಈ ಮಾತನ್ನು ಮನೆಯಲ್ಲಿ ಓದುತ್ತಿರುವವರೇ, ಊಟ ಕಟ್ಟಿಕೊಂಡು ಹೊರಡುವಾಗ ಜೊತೆಗೆ ಒಂದು ಖಾಲಿ ಚೀಲ ಇಟ್ಟುಕೊಳ್ಳಿರಿ. ನಮ್ಮ ಕಸ ನಮ್ಮ ಜೊತೆಗೇ ವಾಪಸು ಬರಲಿ. ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟದ ಬದಲು ಮನೆಯ ಸ್ಟೀಲ್ ತಟ್ಟೆ ಒಯ್ಯಿರಿ. ಹೊರಡುವ ಮೊದಲು ಕುಳಿತ ಜಾಗವನ್ನು ಒಮ್ಮೆ ತಿರುಗಿ ನೋಡಿರಿ. ಬೇರೆಯವರು ಬಿಟ್ಟ ಒಂದೆರಡು ಬಾಟಲಿಯನ್ನೂ ಎತ್ತಿಕೊಂಡರೆ ಅದು ಸದಕಾ. ಮಕ್ಕಳು ನಾವು ಹೇಳಿದ್ದನ್ನಲ್ಲ, ನಾವು ಬಗ್ಗಿ ಎತ್ತಿದ್ದನ್ನು ಕಲಿಯುತ್ತಾರೆ.

ಮಕ್ಕಳಿಗೆ ಬಣ್ಣದ ಬುಗ್ಗೆಯ ಚಿತ್ರ ತೋರಿಸಿ ಅದರ ಕಾರಣ ಹೇಳಿರಿ. ಎಲ್ಲಿ ಎಷ್ಟು ಬಿಸಿ, ಅಲ್ಲಿ ಯಾವ ಜೀವಿ, ಅದಕ್ಕೆ ಯಾವ ಬಣ್ಣ ಎಂದು ಹೇಳಿ, ಇದನ್ನೆಲ್ಲ ಅಳತೆ ತಪ್ಪದಂತೆ ಇಟ್ಟವನು ಯಾರು ಎಂದು ಅವರನ್ನೇ ಕೇಳಿರಿ. ವಿಜ್ಞಾನ ಬೇರೆ, ದೀನ್ ಬೇರೆ ಎಂದು ಅವರು ತಿಳಿಯದಿರಲಿ.

ಯುವಕರೇ, ಒಂದು ಭಾನುವಾರ ಬೆಟ್ಟಕ್ಕೆ ಸುತ್ತಾಡಲು ಹೋಗುವ ಬದಲು ನಿಮ್ಮ ಮೊಹಲ್ಲಾದ ಕಲ್ಯಾಣಿಯದೋ ಕೆರೆ ಕಾಲುವೆಯದೋ ಕಸ ತೆಗೆಯಲು ಸೇರಿರಿ. ಊರಿನ ಎಲ್ಲ ಸಮುದಾಯದ ಗೆಳೆಯರನ್ನೂ ಕರೆಯಿರಿ. ಕೆರೆಗೆ ಜಾತಿಯಿಲ್ಲ, ಮಳೆಗೆ ಮತವಿಲ್ಲ.

ಅಲ್ಲಾಹನೇ, ನಿನ್ನ ಸೃಷ್ಟಿಯನ್ನು ನೋಡುವ ಕಣ್ಣನ್ನೂ ಅದನ್ನು ಕಾಯುವ ಮನಸ್ಸನ್ನೂ ನಮಗೆ ಕೊಡು. ರಜೆಯಲ್ಲಿ ಹೊರಟ ನಮ್ಮ ಮಕ್ಕಳನ್ನು ಸುರಕ್ಷಿತವಾಗಿ ಅವರ ತಾಯಂದಿರ ಬಳಿಗೆ ಮರಳಿಸು. ನೀರಿನಲ್ಲಿ ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗೆ ಸಹನೆ ಕೊಡು. ನಮ್ಮ ಈ ಬರದ ಸೀಮೆಗೆ ಹಿತವಾದ ಮಳೆ ಕೊಡು, ನಮ್ಮ ಕೆರೆಗಳನ್ನು ತುಂಬಿಸು, ಬತ್ತಿದ ಬುಗ್ಗೆಗಳನ್ನು ಮತ್ತೆ ತೆರೆ. ಕಟ್ಟಿಕೊಂಡ ನಮ್ಮ ಹೃದಯಗಳನ್ನೂ ತೆರೆ. ಆಮೀನ್.